ಇಳಿಸಿಕೊಂಡು ಬಂದ ಗೈಡ್‌ಗೆ ಒಂದೇ ಸ್ಟಾರಾ?

ನಿನ್ನೆ ಸಂಜೆ ಸರಸ್ವತಿಪುರಂನಲ್ಲಿ ಪರಿಚಯದವರ ಮನೆಗೆ ಹೋಗಿದ್ದೆ. ಅವರ ಮಗ ಗೆಳೆಯರ ಜೊತೆ ಮನಾಲಿ ಹತ್ತಿರದ ಫ್ರೆಂಡ್‌ಶಿಪ್ ಪೀಕ್‌ಗೆ ಹೋಗಿ ಬಂದಿದ್ದಾನೆ. ಫೋಟೊಗಳನ್ನೆಲ್ಲ ಟಿವಿಗೆ ಹಾಕಿ ತೋರಿಸಿದ. ಸೋಲಂಗ್ ಕಣಿವೆ, ಹಿಮದ ಮೇಲೆ ಸಾಲು ಟೆಂಟು, ಬೆಳಗಿನ ಜಾವದ ನೀಲಿ. ಬೆಟ್ಟ ಅಂದರೆ ನನಗೆ ಏನಾಗುತ್ತದೆ ಅಂತ ನಿಮಗೆಲ್ಲ ಗೊತ್ತೇ ಇದೆ, ಕಣ್ಣು ಕೀಳಲಾಗಲಿಲ್ಲ. ತುದಿಯ ಫೋಟೊ ಮಾತ್ರ ಬರಲಿಲ್ಲ. ಕೇಳಿದೆ. "ಗೈಡ್ ಪುಕ್ಕಲ ಆಂಟಿ. ಇನ್ನೆರಡು ಗಂಟೆ ಹತ್ತಿದ್ರೆ ಮೇಲಿರ್ತಿದ್ವಿ, ಇಳಿಸ್ಕೊಂಡು ಬಂದ್ಬಿಟ್ಟ. ಒಂದು ಸ್ಟಾರ್ ಕೊಟ್ಟು ಸರಿಯಾಗಿ ಬರ್ದಿದ್ದೀನಿ" ಅಂದ. ಕೂತಿದ್ದವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಏನಾಗಿತ್ತು ಅಂತ ಕೆದಕಿ ಕೇಳಿದೆ. ಒಬ್ಬ ಹುಡುಗನಿಗೆ ಹಿಂದಿನ ರಾತ್ರಿಯಿಂದಲೇ ತಲೆನೋವು, ವಾಂತಿ. ಹತ್ತುವಾಗ ಹೆಜ್ಜೆ ತೂರಾಡುತ್ತಿತ್ತಂತೆ. ಬಿಸಿಲು ಏರಿದರೂ ತಂಡ ಇನ್ನೂ ದಾರಿಯಲ್ಲೇ ಇತ್ತಂತೆ. ಇಷ್ಟೂ ಅವನ ಬಾಯಿಂದಲೇ ಬಂತು, ಆದರೂ ಒಂದು ಸ್ಟಾರ್!

ಆ ಶಿಖರ 5,289 ಮೀಟರ್. ನಮ್ಮ ಮೈಸೂರು 770 ಮೀಟರ್ ಆಸುಪಾಸಿನಲ್ಲಿದೆ. ಅಲ್ಲಿ ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಹೆಚ್ಚುಕಡಿಮೆ ಅರ್ಧ, ಅಂದರೆ ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅರ್ಧ. ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಬೆನ್ನಿಗೆ ಚೀಲ ಹಾಕಿಕೊಂಡು ದಿನಾ ಹತ್ತಿಳಿದರೆ ಕಾಲು ಗಟ್ಟಿಯಾಗುತ್ತದೆ, ದಮ್ಮು ಬರುತ್ತದೆ. ಶನಿವಾರ ರಾತ್ರಿ ಕುಂತಿಬೆಟ್ಟ ಹತ್ತಿದರೆ ಧೈರ್ಯ ಬರುತ್ತದೆ. ಆದರೆ ಎತ್ತರದ ಗಾಳಿಗೆ ಮೈ ಒಗ್ಗುವುದು ಎತ್ತರದಲ್ಲೇ, ನಿಧಾನವಾಗಿ. 3,000 ಮೀಟರ್ ದಾಟಿದ ಮೇಲೆ ಹಿಂದಿನ ರಾತ್ರಿ ಮಲಗಿದ್ದಕ್ಕಿಂತ 500 ಮೀಟರ್‌ಗಿಂತ ಹೆಚ್ಚು ಮೇಲೆ ಮಲಗಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು ಅಂತ ಪರ್ವತ ವೈದ್ಯರು ಹೇಳುತ್ತಾರೆ. ಜಿಮ್ಮಿಗೆ ಹೋಗುವ ಇಪ್ಪತ್ತೈದರ ಹುಡುಗನಿಗೂ ಇದರಲ್ಲಿ ರಿಯಾಯಿತಿ ಇಲ್ಲ. ಅಂಥವರೇ ಬೇಗ ಬೇಗ ಏರಿ ಹಾಸಿಗೆ ಹಿಡಿಯುತ್ತಾರೆ.

ತಲೆನೋವು, ವಾಕರಿಕೆ ಇದ್ದರೆ ಅಲ್ಲೇ ನಿಂತು ನೋಡಬಹುದು. ಹೆಜ್ಜೆ ತೂರಾಡಿತೋ, ಮಿದುಳಿಗೆ ಬಾವು ಬರುತ್ತಿರಬಹುದು ಅಂತಲೇ ತಿಳಿಯಬೇಕು. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮಿನಲ್ಲಿ ಕೆಂಪು ನೊರೆ ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಈ ಎರಡು ಸ್ಥಿತಿಗಳೂ ಗಂಟೆಗಳ ಲೆಕ್ಕದಲ್ಲಿ ಜೀವ ತೆಗೆಯಬಲ್ಲವು. ಎತ್ತರಕ್ಕೆ ಮೈ ಒಗ್ಗಲು ಕೊಡುವ ಡೈಮಾಕ್ಸ್ ಮಾತ್ರೆ ನುಂಗಿ ಮುಂದೆ ನಡೆಯುವ ಸ್ಥಿತಿ ಅಲ್ಲ ಅದು. ಆಮ್ಲಜನಕ, ಇಂಜೆಕ್ಷನ್ ಇದ್ದರೂ ಕೆಳಗೆ ಇಳಿಸಲೇಬೇಕು, ತಕ್ಷಣ. ಆ ಗೈಡ್ ಮಾಡಿದ್ದು ಅದನ್ನೇ.

"ಅವನೊಬ್ಬನನ್ನ ಇಳಿಸಿ ನಮ್ಮನ್ನ ಕರ್ಕೊಂಡು ಹೋಗ್ಬಹುದಿತ್ತಲ್ಲ" ಅಂದ ಇನ್ನೊಬ್ಬ. ಯಾರ ಜೊತೆ ಇಳಿಸುವುದಪ್ಪಾ? ಹಿಮದ ಇಳಿಜಾರಿನಲ್ಲಿ, ಬೂಟಿನಡಿಗೆ ಕ್ರಾಂಪಾನ್ ಅನ್ನುವ ಲೋಹದ ಮುಳ್ಳು ಕಟ್ಟಿಕೊಂಡು, ತೂರಾಡುವವನನ್ನು ಹಗ್ಗದಲ್ಲಿ ಹಿಡಿದು ಇಳಿಸಲು ಅನುಭವಸ್ಥರೇ ಬೇಕು. ಮತ್ತೆ, ಮಧ್ಯರಾತ್ರಿ ದಾಟುತ್ತಲೇ ಎಬ್ಬಿಸಿ ಹೊರಡಿಸುವುದು ಸೂರ್ಯೋದಯದ ಫೋಟೊಕ್ಕಲ್ಲ. ಬಿಸಿಲಿಗೆ ಹಿಮ ಮೆತ್ತಗಾದರೆ ಬಿರುಕುಗಳ ಮೇಲಿನ ಹಿಮದ ಹೊದಿಕೆ ಕುಸಿಯುತ್ತದೆ, ಮೇಲಿನಿಂದ ಕಲ್ಲು, ಹಿಮ ಸಡಿಲವಾಗಿ ಬೀಳುತ್ತದೆ. "ಇನ್ನೆರಡು ಗಂಟೆ" ಅನ್ನುವವರು ಆಮೇಲೆ ದಣಿದ ಕಾಲಲ್ಲಿ ಅದೇ ಮೆತ್ತನೆ ಹಿಮದ ಮೇಲೆ ಇಳಿಯಬೇಕಲ್ಲ, ಆ ಗಂಟೆಗಳನ್ನು ಯಾರು ಎಣಿಸಿದರು?

ಇಂಥ ಹೊತ್ತಲ್ಲಿ ನಿರ್ಧಾರ ಪ್ರವಾಸಿಯ ಕೈಯಲ್ಲಿ ಇರಲೇಬಾರದು. ಆಮ್ಲಜನಕ ಕಡಿಮೆಯಾದಾಗ ಮೊದಲು ಮಂಕಾಗುವುದೇ ವಿವೇಚನೆ. ಆ ಎತ್ತರದಲ್ಲಿ ನಮ್ಮನ್ನು "ಹತ್ತಬಲ್ಲಿರಾ?" ಅಂತ ಕೇಳುವುದು, ಕುಡಿದವನನ್ನು "ಗಾಡಿ ಓಡಿಸ್ತೀಯಾ?" ಅಂತ ಕೇಳಿದ ಹಾಗೆ.

ಗೈಡ್ ಆದವರು "ಬೇಡ" ಅನ್ನಲಾರದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ 1996ರ ಮೇ 10 ಇದೆ. ಎವರೆಸ್ಟ್‌ನಲ್ಲಿ ರಾಬ್ ಹಾಲ್ ಅನ್ನುವ ಹೆಸರಾಂತ ಗೈಡ್. ಹಿಂದಿನ ವರ್ಷ ತುದಿಯ ಹತ್ತಿರದಿಂದ ತಾನೇ ಇಳಿಸಿಕೊಂಡು ಬಂದಿದ್ದ ಗ್ರಾಹಕನೊಬ್ಬ ಆ ವರ್ಷ ಮತ್ತೆ ಬಂದಿದ್ದ. ಮಧ್ಯಾಹ್ನಕ್ಕೇ ಹಿಂದಿರುಗಬೇಕಿದ್ದವರು, ಆ ಗ್ರಾಹಕ ತುದಿ ಮುಟ್ಟುವಾಗ ಸಂಜೆ ನಾಲ್ಕು ದಾಟಿತ್ತು. ಬಿರುಗಾಳಿ ಬಂತು. ಇಬ್ಬರೂ ವಾಪಸ್ ಬರಲಿಲ್ಲ. ಆ ಬಿರುಗಾಳಿಯಲ್ಲಿ ಪರ್ವತದ ಎರಡೂ ಬದಿ ಸೇರಿ ಸತ್ತವರು ಎಂಟು ಜನ. ಇಂಥ ಗೈಡ್‌ಗೂ ಒಬ್ಬ ಗ್ರಾಹಕನ ಆಸೆಯ ಎದುರು ಬೇಡ ಅನ್ನುವುದು ಅಷ್ಟು ಕಷ್ಟವಾಯಿತಲ್ಲ. ಹಾಗಿರುವಾಗ ಸೀಸನ್ನಿನ ಕೆಲವು ತಿಂಗಳ ದುಡಿಮೆ ನಂಬಿದ ಹಳ್ಳಿಯ ಗೈಡ್ ಮೇಲೆ ಆ ಒಂದು ಸ್ಟಾರ್ ಎಂಥ ಭಾರ ಹಾಕುತ್ತದೆ, ಯೋಚಿಸಿ. ಮುಂದಿನ ತಂಡದಲ್ಲಿ ಯಾರಾದರೂ ತೂರಾಡಿದರೆ ಆ ಗೈಡ್‌ಗೆ ಈ ಸ್ಟಾರ್ ನೆನಪಾಗಬಾರದಷ್ಟೇ. ನನಗೆ ಭಯವಿರುವುದು ಅದೊಂದಕ್ಕೇ.

ದುಡ್ಡು ಉಳಿಸಲು ಹವಾಮಾನದ ನೆಪ ಹೇಳಿ ಅರ್ಧಕ್ಕೇ ವಾಪಸ್ ಕರೆತರುವ ಕಂಪನಿಗಳಿಲ್ಲವಾ ಅಂತ ಕೇಳುತ್ತೀರಿ. ಇವೆ. ಅಂಥವರ ಮೇಲೆ ಧಾರಾಳವಾಗಿ ಬರೆಯಿರಿ. ಒಂದೂ ಹೆಚ್ಚುವರಿ ದಿನ ಇಡದೆ, ಶುಕ್ರವಾರ ರಾತ್ರಿ ಹೊರಟು ಮುಂದಿನ ಸೋಮವಾರ ಆಫೀಸಿಗೆ ಅಂತ ಪ್ಯಾಕೇಜ್ ಮಾರುವವರ ಮೇಲೂ ಬರೆಯಿರಿ. ಆದರೆ ಕಂಪನಿಯ ಲೆಕ್ಕಾಚಾರದ ಸಿಟ್ಟನ್ನು ಹಿಮದಲ್ಲಿ ನಿಮ್ಮ ಹಗ್ಗ ಹಿಡಿದು ನಿಂತವರ ಮೇಲೆ ತೀರಿಸುವುದು ಯಾವ ನ್ಯಾಯ? ಅದಲ್ಲದೆ ನಿನ್ನೆಯ ಕಥೆಯಲ್ಲಿ ನೆಪವೇ ಇಲ್ಲ. ಕಾಯಿಲೆ ಬಿದ್ದ ಹುಡುಗ ಅಲ್ಲೇ ಸೋಫಾದ ಮೇಲೆ ಕೂತು ಚಕ್ಕುಲಿ ತಿನ್ನುತ್ತಿದ್ದ.

ನನ್ನನ್ನೂ ಒಮ್ಮೆ ಒಬ್ಬ ಗೈಡ್ ಕಣಿವೆ ದಾಟಿಸದೆ ಇಳಿಸಿದ್ದರು. ಟೆಂಟಿನಲ್ಲಿ ಮುಖ ಮುಚ್ಚಿಕೊಂಡು ಅತ್ತಿದ್ದೇನೆ. ಇವತ್ತಿಗೂ ಆ ಜಾಗದ ಫೋಟೊ ಯಾರಾದರೂ ಹಾಕಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹಾಗಾಗಿ ಈ ಹುಡುಗರ ಬೇಸರ ನನಗೆ ಅರ್ಥವಾಗುವುದಿಲ್ಲ ಅಂದುಕೊಳ್ಳಬೇಡಿ. ಕೂಡಿಟ್ಟ ಸಂಬಳ, ಕಾಡಿ ಬೇಡಿ ಪಡೆದ ರಜೆ, ಎಲ್ಲ ಗೊತ್ತು. ಬೇಸರಪಡಲಿ. ಅದಕ್ಕೆ ಗೈಡ್‌ರನ್ನು ಪುಕ್ಕಲ ಅನ್ನಬೇಕಾಗಿಲ್ಲ.

2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿ ನಮ್ಮ ಕರ್ನಾಟಕದ ಒಂಬತ್ತು ಚಾರಣಿಗರು ತೀರಿಕೊಂಡರು. ಯಾರ ತಪ್ಪು ಅಂತ ಹೇಳಲು ನಾನು ಯಾರೂ ಅಲ್ಲ, ಹೇಳುವುದೂ ಇಲ್ಲ. ಆ ವಾರ ಬೆಟ್ಟ ಹತ್ತುವ ನಾವೆಲ್ಲ ಒಬ್ಬರಿಗೊಬ್ಬರು ಫೋನ್ ಮಾಡಿ ಏನೂ ಮಾತಾಡಲಾಗದೆ ಇಟ್ಟಿದ್ದೆವು. ಇಷ್ಟು ಬೇಗ ಮರೆತೆವಾ?

ಆ ಹುಡುಗನಿಗೆ ರಿವ್ಯೂ ತಿದ್ದು ಅಂತ ಎಲ್ಲರೆದುರೇ ಹೇಳಿ ಬಂದಿದ್ದೇನೆ. ಅವನ ಅಮ್ಮನಿಗೆ ಬೇಜಾರಾಗಿದೆ, ಆಗಲಿ. ಈ ಸೆಪ್ಟೆಂಬರ್‌ಗೆ ಹೊರಡುವ ನಿಮಗೂ ಹೇಳುತ್ತಿದ್ದೇನೆ: ಬುಕ್ ಮಾಡುವ ಮುಂಚೆ ಹೆಚ್ಚುವರಿ ದಿನ ಎಷ್ಟು, ಯಾರಿಗಾದರೂ ಹುಷಾರು ತಪ್ಪಿದರೆ ಜೊತೆಗೆ ಇಳಿಯಲು ಎರಡನೇ ಗೈಡ್ ಇದ್ದಾರಾ ಅಂತ ಕೇಳಿ. ಮೇಲೆ ಅವರು ಇಳಿಯಿರಿ ಅಂದರೆ ಇಳಿಯಿರಿ. ಮನೆಗೆ ಬಂದ ಮೇಲೆ ಅವರ ಹೆಸರು ಹಾಕಿ, ಯಾಕೆ ಇಳಿಸಿದರು ಅನ್ನುವುದನ್ನೂ ಬರೆದು, ಐದು ಸ್ಟಾರ್ ಕೊಡಿ.