ಭಾವನ ಪಾಯಿಂಟು, ನಮ್ಮ ರೂಮು

ಮದುವೆಯಾಗಿ ಹತ್ತು ವರ್ಷ ತುಂಬಿದ್ದಕ್ಕೆ ಅಕ್ಕ–ಭಾವ ನಮಗೆ ಎರಡು ರಾತ್ರಿಗಳನ್ನು ಉಡುಗೊರೆ ಕೊಟ್ಟರು. ಮ್ಯಾನ್‌ಹಟನ್ನಿನ ನಟ್ಟನಡುವೆ, ಬಾಗಿಲಲ್ಲಿ ಟೋಪಿ ಹಾಕಿದ ಮನುಷ್ಯ ನಿಂತಿರುವಂಥ ಹೋಟೆಲಿನಲ್ಲಿ. ನಾವು ಜರ್ಮನಿಯಿಂದ ಅವರ ನ್ಯೂಜೆರ್ಸಿ ಮನೆಗೆ ರಜೆಗೆಂದು ಹೋಗಿದ್ದೆವು. ಆ ಹೋಟೆಲಿನ ಬೆಲೆ ಫೋನಿನಲ್ಲಿ ನೋಡಿದವನೇ, "ಇಷ್ಟೆಲ್ಲ ಯಾಕೆ ಭಾವ? ರಾತ್ರಿಗೆ 680 ಡಾಲರ್ ಅಂತಿದೆ," ಅಂದೆ. "ನಾನೆಲ್ಲಿ ದುಡ್ಡು ಕೊಟ್ಟೆ? ಪಾಯಿಂಟು ಕಣಯ್ಯಾ, ಪಾಯಿಂಟು!" ಅಂತ ಅವರು ಗಟ್ಟಿಯಾಗಿ ನಕ್ಕರು. ಕ್ರೆಡಿಟ್ ಕಾರ್ಡು ಉಜ್ಜಿದಾಗ, ಹೋಟೆಲಿನಲ್ಲಿ ತಂಗಿದಾಗ ಖಾತೆಯಲ್ಲಿ ಕೂಡುತ್ತಾ ಹೋಗುವ, ಆಮೇಲೆ ದುಡ್ಡಿನ ಬದಲು ಕೊಡಬಹುದಾದ ಪಾಯಿಂಟು.

ಆ ನಗುವಿನ ಹಿಂದೆ ಎಷ್ಟು ವರ್ಷದ ದುಡಿಮೆ ಇದೆ ಅನ್ನುವುದು ಅಡುಗೆಮನೆಯಲ್ಲಿ ಗೊತ್ತಾಯಿತು. ಅಕ್ಕನ ಪರ್ಸಿನಲ್ಲಿ ಏಳು ಕಾರ್ಡು. ಒಂದೊಂದರ ಮೇಲೂ ಬಿಳಿ ಟೇಪು ಅಂಟಿಸಿ ಪೆನ್ನಿನಲ್ಲಿ ಕನ್ನಡದಲ್ಲಿ ಬರೆದಿದೆ: 'ದಿನಸಿ', 'ಗ್ಯಾಸು' (ಅಂದರೆ ಪೆಟ್ರೋಲು), 'ಊಟ', 'ಟಿಕೇಟು', 'ಇತರೆ'. ಒಂದೊಂದು ಬಗೆಯ ಖರ್ಚಿಗೆ ಒಂದೊಂದು ಕಾರ್ಡಿನಲ್ಲಿ ಪಾಯಿಂಟು ಹೆಚ್ಚು. ಎರಡರ ಮೇಲೆ ಏನೂ ಬರೆದಿಲ್ಲ. ಅವು ಸೇರುವಾಗ ಸಿಗುವ ಬೋನಸ್ಸಿಗಾಗಿ ಮಾಡಿಸಿದವು, ಬೋನಸ್ ಬಂತು, ಈಗ ಸುಮ್ಮನೆ ಮಲಗಿವೆ. ದಿನಸಿ ಕಾರ್ಡು ಕೊಡಬೇಕಾದ ಕಡೆ ಊಟದ ಕಾರ್ಡು ಕೊಟ್ಟುಬಿಟ್ಟರೆ ಭಾವನಿಗೆ ಅವತ್ತು ರಾತ್ರಿ ನಿದ್ದೆ ಇಲ್ಲ ಅಂತ ಅಕ್ಕ ದೂರಿದಳು. ಟೇಪು ಅಂಟಿಸಿದವಳು ಅವಳೇ ಅನ್ನುವುದು ಬೇರೆ ಮಾತು.

ಭಾವನಂಥವರು ಅಲ್ಲಿ ಅಪರೂಪವಲ್ಲ. 2016ರಲ್ಲಿ ಚೇಸ್ ಬ್ಯಾಂಕು ಸಫೈರ್ ರಿಸರ್ವ್ ಅನ್ನುವ ಲೋಹದ ಕಾರ್ಡನ್ನು ಒಂದು ಲಕ್ಷ ಪಾಯಿಂಟಿನ ಬೋನಸ್ಸಿನೊಂದಿಗೆ ಬಿಟ್ಟಾಗ ಜನ ಮುಗಿಬಿದ್ದು, ಕಾರ್ಡು ಮಾಡುವ ಲೋಹವೇ ಸಾಲದೆ ಬ್ಯಾಂಕು ಸದ್ಯಕ್ಕೆ ಇದಿರಲಿ ಅಂತ ಪ್ಲಾಸ್ಟಿಕ್ ಕಾರ್ಡು ಕಳಿಸಿತ್ತು. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವುದು ನಮ್ಮ ಕಡೆಯವರ ಬುದ್ಧಿ ಮಾತ್ರ ಅಂದುಕೊಂಡಿದ್ದೆ. ಅಲ್ಲ.

ಜರ್ಮನಿಯಲ್ಲಿ ಹದಿನಾಲ್ಕು ವರ್ಷ ಕಳೆದವನಿಗೆ ಇದೆಲ್ಲ ಬೇರೆ ಗ್ರಹದ ಸುದ್ದಿ. ನಮ್ಮಲ್ಲೂ ಪಾಯಿಂಟು ಇಲ್ಲವೆಂದಲ್ಲ. 2000ದಿಂದ ಪೇಬ್ಯಾಕ್ ಕಾರ್ಡು ಇದೆ. ಅದು ನಡೆಯುವ ಹಲವು ಅಂಗಡಿಗಳಲ್ಲಿ ಸಾಬೂನು, ಶಾಂಪೂ ಕೊಂಡರೆ ಎರಡು ಯೂರೋಗೆ ಒಂದು ಪಾಯಿಂಟು, ಒಂದು ಪಾಯಿಂಟಿಗೆ ಒಂದು ಸೆಂಟು. 700 ಯೂರೋದ ಒಂದು ರಾತ್ರಿ ಬೇಕೆಂದರೆ 1,40,000 ಯೂರೋದ ಸಾಮಾನು ಕೊಳ್ಳಬೇಕು. ಅಷ್ಟು ಶಾಂಪೂ ಹಾಕುವಷ್ಟು ಕೂದಲು ನನ್ನ ತಲೆಯಲ್ಲಿ ಉಳಿದಿಲ್ಲ.

ಇಷ್ಟು ಅಂತರ ಯಾಕೆ? ಜರ್ಮನ್ನರು ಜಿಪುಣರೆಂದೇ? ಹಾಗೆ ಹೇಳಿ ನಕ್ಕುಬಿಡಬಹುದು, ಆದರೆ ಅಸಲು ಕಾರಣ ಅಂಗಡಿಯವನ ಗಲ್ಲಾಪೆಟ್ಟಿಗೆಯಲ್ಲಿದೆ. ಕಾರ್ಡು ಉಜ್ಜಿದಾಗಲೆಲ್ಲ ಅಂಗಡಿಯವನು ಕಾರ್ಡು ಕೊಟ್ಟ ಬ್ಯಾಂಕಿಗೆ ಒಂದು ಪಾಲು ತೆರಬೇಕು. ಐರೋಪ್ಯ ಒಕ್ಕೂಟ 2015ರಲ್ಲಿ ಈ ಪಾಲಿಗೆ ಲಗಾಮು ಹಾಕಿತು: ಕ್ರೆಡಿಟ್ ಕಾರ್ಡಿಗೆ ಶೇ. 0.3, ಡೆಬಿಟ್ ಕಾರ್ಡಿಗೆ ಶೇ. 0.2, ಅದಕ್ಕಿಂತ ಹೆಚ್ಚಿಲ್ಲ. ಅಮೆರಿಕದಲ್ಲಿ ಕ್ರೆಡಿಟ್ ಕಾರ್ಡಿಗೆ ಅಂಥ ಮಿತಿ ಇಲ್ಲ, ಶೇ. 2ರ ಆಸುಪಾಸು ಹೋಗುತ್ತದೆ. ಭಾವನ ಪಾಯಿಂಟು ಹುಟ್ಟುವುದು ಆ ಶೇ. 2ರಲ್ಲಿ. ನಮ್ಮ ಬ್ಯಾಂಕಿನ ಕೈಗೆ ಬರುವುದೇ ಚಿಟಿಕೆಯಷ್ಟು, ಅದರಲ್ಲಿ ನನಗೇನು ಕೊಟ್ಟೀತು?

ಅಂಗಡಿಯವನೇನು ಆ ಶೇ. 2ನ್ನು ತನ್ನ ಮನೆಯಿಂದ ತರುತ್ತಾನೆಯೇ? ಹಾಲು, ಬ್ರೆಡ್ಡಿನ ಬೆಲೆಗೆ ಸೇರಿಸುತ್ತಾನೆ. ಕಾರ್ಡಿದ್ದವರೂ ಅದೇ ಬೆಲೆ ಕೊಡುತ್ತಾರೆ, ಕಾರ್ಡು ಸಿಗದೆ ನೋಟು ಎಣಿಸುವವರೂ ಅದೇ ಬೆಲೆ ಕೊಡುತ್ತಾರೆ. ಮೊದಲನೆಯವರಿಗೆ ಪಾಯಿಂಟು ವಾಪಸ್ ಬರುತ್ತದೆ, ಎರಡನೆಯವರಿಗೆ ಚೀಟಿ ಮಾತ್ರ. ಇದನ್ನು ಊಟದ ಮೇಜಿನಲ್ಲಿ ಎತ್ತಿದೆ. "ನಾನು ತಗೊಳ್ಳದಿದ್ದರೆ ಬ್ಯಾಂಕಿನವನು ತಿಂತಾನೆ. ಬಡವನಿಗಂತೂ ಹೋಗಲ್ಲ," ಅಂದರು ಭಾವ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅವರ ಪಾಯಿಂಟಿನ ರೂಮಿನಲ್ಲಿ ಮಲಗಲು ಹೊರಟವನಿಗೆ ಜಾಸ್ತಿ ವಾದ ಮಾಡುವ ಬಾಯಿಯೂ ಇರಲಿಲ್ಲ.

ಲೆಕ್ಕ ಮಾತ್ರ ಅವರು ಚೊಕ್ಕವಾಗಿ ಹೇಳಿಕೊಟ್ಟರು. ರಾತ್ರಿಗೆ 95,000 ಪಾಯಿಂಟು. ದುಡ್ಡು ಕೊಟ್ಟಿದ್ದರೆ 680 ಡಾಲರಿನ ಮೇಲೆ ನ್ಯೂಯಾರ್ಕಿನ ಹೋಟೆಲ್ ತೆರಿಗೆಗಳು ಶೇ. 14.75, ಜೊತೆಗೆ ರಾತ್ರಿಗೆ ಮೂರೂವರೆ ಡಾಲರು, ಒಟ್ಟು 784 ಡಾಲರು. ಪಾಯಿಂಟಿನ ರಾತ್ರಿಗೆ ಆ ತೆರಿಗೆ ಬೀಳುವುದಿಲ್ಲ. ಅಂದರೆ ಒಂದು ಪಾಯಿಂಟಿಗೆ ಮುಕ್ಕಾಲು ಸೆಂಟಿಗಿಂತ ತುಸು ಹೆಚ್ಚು ಬೆಲೆ ಸಿಕ್ಕಿತು. "ಒಳ್ಳೆ ರೇಟು," ಅಂದರು, ಹಸು ಮಾರಿ ಬಂದವರ ಹಾಗೆ. ನನ್ನ ಅನುಮಾನ ಬೇರೆ. ದುಡ್ಡು ಕೊಡಬೇಕಾಗಿದ್ದರೆ ನಾವು ಆ ಹೋಟೆಲಿಗೆ ಹೋಗುತ್ತಲೇ ಇರಲಿಲ್ಲ, ಇನ್ನೂರೈವತ್ತರ ರೂಮು ಹುಡುಕುತ್ತಿದ್ದೆವು. ಹಾಗಿರುವಾಗ 784 ಉಳಿಯಿತು ಅನ್ನುವುದು ಯಾವ ಲೆಕ್ಕ?

ಚೆಕ್‌ಇನ್ ಕೌಂಟರಿನ ಹುಡುಗಿ ಭಾವನ ಹೆಸರು ನೋಡಿ "ಪ್ಲಾಟಿನಂ ಸದಸ್ಯರ ಅತಿಥಿಗಳು" ಅಂತ ಮುಗುಳ್ನಕ್ಕಳು. ಅಷ್ಟೇ. ಮೇಲಿನ ದರ್ಜೆಯ ರೂಮು, ಬೆಳಗಿನ ತಿಂಡಿ, ಲೌಂಜು, ಇವೆಲ್ಲ ಪ್ಲಾಟಿನಂ ಅನ್ನುವ ಮೇಲ್ದರ್ಜೆಯ ಸದಸ್ಯರು ಖುದ್ದಾಗಿ ಬಂದು ಮಲಗಿದರೆ ಮಾತ್ರ. ಅವರ ಪಾಯಿಂಟಿನಲ್ಲಿ ಬಂದ ಭಾವಮೈದುನನಿಗಲ್ಲ. ನಮಗೆ ಸಿಕ್ಕಿದ್ದು 'ಸ್ಟ್ಯಾಂಡರ್ಡ್ ಕಿಂಗ್'. ಹಾಸಿಗೆ ನಿಜಕ್ಕೂ ರಾಜರದ್ದು, ಬಚ್ಚಲಮನೆಯ ಅಮೃತಶಿಲೆ ಕಾಲಿಗೆ ಬೆಚ್ಚಗಿತ್ತು. ಪರದೆ ಸರಿಸಿದರೆ ನಾಲ್ಕು ಗೋಡೆಗಳ ನಡುವಿನ ಬಾವಿಯಂಥ ಜಾಗ, ಕೆಳಗೆ ಸಾಲಾಗಿ ಏಸಿಯ ಪೆಟ್ಟಿಗೆಗಳು, ಒಂದರ ಮೇಲೆ ಯಾರದೋ ಒಂಟಿ ಕಾಲುಚೀಲ. ಎರಡು ದಿನವೂ ಅದು ಅಲ್ಲೇ ಇತ್ತು. ನನ್ನ ಹೆಂಡತಿ ಬೆಳಿಗ್ಗೆ ಎದ್ದವಳೇ ಅದು ಇದೆಯಾ ಅಂತ ನೋಡುತ್ತಿದ್ದಳು.

ಪಾಯಿಂಟಿನವರಿಗೆ ಕಾಲುಚೀಲದ ನೋಟ ಯಾಕೆ ಸಿಗುತ್ತದೆ ಅನ್ನುವುದಕ್ಕೂ ಕಾರಣವಿದೆ. ಮೇಲೆ ದೊಡ್ಡ ಹೆಸರಿನ ಬೋರ್ಡು ಇದ್ದರೂ ಕಟ್ಟಡ ಹೆಚ್ಚಾಗಿ ಬೇರೆ ಯಾರದೋ. ಆ ಮಾಲೀಕ ತನ್ನ ಸದಸ್ಯ ಗಿರಾಕಿಗಳ ಬಿಲ್ಲಿನಿಂದ ಒಂದು ಪಾಲನ್ನು ಪಾಯಿಂಟಿನ ಖಜಾನೆಗೆ ಕಟ್ಟುತ್ತಾನೆ. ನಮ್ಮಂಥವರು ಬಂದು ಮಲಗಿದಾಗ ಖಜಾನೆ ಅವನಿಗೆ ಹಣ ಕೊಡುತ್ತದೆ. ರೂಮುಗಳು ಖಾಲಿ ಇರುವ ದಿನವಾದರೆ ಚಾದರ, ಕಸಬರಿಕೆಯ ಖರ್ಚಿನಷ್ಟು, ಹೋಟೆಲು ಹೆಚ್ಚುಕಡಿಮೆ ಭರ್ತಿಯಾದ ದಿನವಾದರೆ ಮಾಮೂಲಿ ದರದ ಹತ್ತಿರ ಹತ್ತಿರ. ಆದ್ದರಿಂದ ಸಾಮಾನ್ಯ ದಿನಗಳಲ್ಲಿ ಮಾಲೀಕನ ಕಣ್ಣಿಗೆ ಪಾಯಿಂಟಿನ ಗಿರಾಕಿ ಅಂದರೆ ಮದುವೆಮನೆಗೆ ನೆಂಟರ ಜೊತೆ ಬಂದ ನೆಂಟ. ಎಲೆ ಹಾಕುತ್ತಾರೆ, ಮೊದಲ ಪಂಕ್ತಿಯಲ್ಲಲ್ಲ.

ಬಿಟ್ಟಿ ರೂಮಿಗೂ ಬಿಲ್ಲು ಬರುತ್ತದೆ ಅಂತ ತಿಳಿದದ್ದು ಹೊರಡುವ ದಿನ. 'ಡೆಸ್ಟಿನೇಷನ್ ಫೀ', ರಾತ್ರಿಗೆ 40 ಡಾಲರು, ತೆರಿಗೆ ಸೇರಿ ಎರಡು ರಾತ್ರಿಗೆ 91 ಡಾಲರ್ 80 ಸೆಂಟು. ಇದಕ್ಕೆ ಪ್ರತಿಯಾಗಿ ಏನು ಕೊಟ್ಟಿರಿ ಅಂತ ಕೇಳಿದೆ. ದಿನಕ್ಕೆ ಎರಡು ಬಾಟಲಿ ನೀರು, ವೈಫೈ, ವ್ಯಾಯಾಮದ ಕೋಣೆ, ಮತ್ತು ಊರೊಳಗಿನ ದೂರವಾಣಿ ಕರೆಗಳು. 'ಊರೊಳಗಿನ ಕರೆ' ಅನ್ನುವ ಮಾತನ್ನು ಕೊನೆಯ ಬಾರಿ ಕೇಳಿದ್ದು ಎಸ್‌ಟಿಡಿ ಬೂತಿನ ಕಾಲದಲ್ಲಿ. ಪಾಯಿಂಟಿನ ರಾತ್ರಿಗೆ ಈ ಬಗೆಯ ಶುಲ್ಕ ಬಿಟ್ಟುಬಿಡುವ ಹೋಟೆಲ್ ಸರಪಳಿಗಳೂ ಇವೆ, ಹಯಾತ್, ಹಿಲ್ಟನ್ ಹಾಗೆ. ಎಲ್ಲರೂ ಬಿಡುವುದಿಲ್ಲ. ಅಮೆರಿಕದ ಕೇಂದ್ರ ವ್ಯಾಪಾರ ಆಯೋಗ 2025ರ ಮೇ 12ರಿಂದ, ಕಡ್ಡಾಯ ಶುಲ್ಕವನ್ನು ಮೊದಲೇ ಒಟ್ಟು ಬೆಲೆಯಲ್ಲಿ ಸೇರಿಸಿ ತೋರಿಸಬೇಕು ಅಂತ ನಿಯಮ ತಂದಿದೆ. ತೋರಿಸಬೇಕು ಅಂದಿದೆ, ತಗೊಳ್ಳಬಾರದು ಅಂದಿಲ್ಲ. ಜರ್ಮನಿಯಲ್ಲಿ ಅಂಗಡಿಯ ಹಲಗೆಯ ಮೇಲಿನ ಬೆಲೆ ಅಂದರೆ ತೆರಿಗೆ ಸಮೇತ ಅದೇ ಕೊನೆಯ ಬೆಲೆ, ಅದು ಅಲ್ಲಿನ ಕಾನೂನು. ಹಾಗೆ ಪಳಗಿದವನಿಗೆ ಬಾಲ ಬೆಳೆಯುವ ಬಿಲ್ಲು ಕಂಡರೆ ಮೈ ಉರಿಯುತ್ತದೆ. ಭಾವ ಮಾತ್ರ "ಅದೇನ್ ದೊಡ್ಡದು ಬಿಡು, ಅದಕ್ಕೂ ಪಾಯಿಂಟ್ ಬರುತ್ತೆ" ಅಂದರು. ಯಾವ ಕಾರ್ಡು ಉಜ್ಜಿದೆ ಅಂತ ಬೇರೆ ಕೇಳಿದರು.

ಎರಡು ದೇಶಗಳ ಸ್ವಭಾವ ಇನ್ನೂ ನಿಚ್ಚಳವಾಗಿ ಕಾಣುವುದು ಕಂಪನಿ ಖರ್ಚಿನ ಪ್ರಯಾಣದಲ್ಲಿ. ಭಾವನ ಪ್ಲಾಟಿನಂ ಬಂದದ್ದೇ ಹಾಗೆ, ವರ್ಷಗಟ್ಟಲೆ ಸೋಮವಾರ ಹೊರಟು ಗುರುವಾರ ಬರುವ ಕೆಲಸ. ಹೋಟೆಲಿಗೆ ದುಡ್ಡು ಕಂಪನಿಯದು, ಪಾಯಿಂಟು ಭಾವನದು. ಅಮೆರಿಕದ ತೆರಿಗೆ ಇಲಾಖೆ 2002ರಲ್ಲೇ, ಕೆಲಸದ ಪ್ರಯಾಣದಲ್ಲಿ ಗಳಿಸಿ ಸ್ವಂತಕ್ಕೆ ಬಳಸಿದ ಮೈಲಿಗಳ (ವಿಮಾನ ಕಂಪನಿಗಳ ಪಾಯಿಂಟಿಗೆ ಆ ಹೆಸರು) ಬೆನ್ನು ಹತ್ತುವುದಿಲ್ಲ ಅಂತ ಪ್ರಕಟಣೆ ಕೊಟ್ಟು ಕೈತೊಳೆದುಕೊಂಡಿತು. ಅದೇ 2002ರ ಬೇಸಿಗೆಯಲ್ಲಿ ಜರ್ಮನಿಯಲ್ಲಿ ಏನಾಯಿತು ಗೊತ್ತೇ? ಸರ್ಕಾರಿ ಪ್ರಯಾಣದಲ್ಲಿ ಬಂದ ಮೈಲಿಗಳನ್ನು ರಾಜಕಾರಣಿಗಳು ಸ್ವಂತ ಪ್ರಯಾಣಕ್ಕೆ ಬಳಸಿದರು ಅಂತ ಗದ್ದಲವೆದ್ದು, ಗ್ರೆಗೋರ್ ಗೀಝಿ ಬರ್ಲಿನ್ನಿನ ಸಚಿವ ಸ್ಥಾನ ಬಿಟ್ಟರು, ಜೆಮ್ ಓಝ್ದೆಮಿರ್ ತಮ್ಮ ಪಕ್ಷದ ವಕ್ತಾರ ಹುದ್ದೆ ಬಿಟ್ಟರು. 2006ರಲ್ಲಿ ಅಲ್ಲಿನ ಕಾರ್ಮಿಕ ವರಿಷ್ಠ ನ್ಯಾಯಾಲಯ, ಕಂಪನಿ ಖರ್ಚಿನಲ್ಲಿ ಬಂದ ಮೈಲಿ ಕಂಪನಿಯದೇ ಅಂತ ತೀರ್ಪು ಕೊಟ್ಟಿತು. ಕಂಪನಿ ಬಿಟ್ಟುಕೊಟ್ಟರೆ ಇಟ್ಟುಕೊಳ್ಳಬಹುದು, ವರ್ಷಕ್ಕೆ 1,080 ಯೂರೋವರೆಗೆ ತೆರಿಗೆ ಇಲ್ಲ. ಅದಕ್ಕೂ ಒಂದು ಅಂಕಿ! 1933ರಿಂದ 2001ರವರೆಗೆ ಗಿರಾಕಿಗೆ ಶೇ. 3ಕ್ಕಿಂತ ಹೆಚ್ಚು ರಿಯಾಯಿತಿ ಕೊಡಬಾರದು ಅಂತ ಕಾಯಿದೆಯನ್ನೇ ಇಟ್ಟುಕೊಂಡಿದ್ದ ದೇಶವಲ್ಲವೇ.

ನಾನು ಯಾವ ಕಡೆ? ಜರ್ಮನ್ ದಾರಿ ನ್ಯಾಯದ ದಾರಿ ಅಂತ ನನಗೆ ಅನಿಸುತ್ತದೆ. ಬೇಸರದ ದಾರಿಯೂ ಹೌದು. ಭಾವ ಫೋನು ಹಿಡಿದು ಟೋಕಿಯೋದ ಯಾವುದೋ ಹೋಟೆಲಿನ ಮಾರ್ಚ್ ತಿಂಗಳ ಖಾಲಿ ರಾತ್ರಿಗಳನ್ನು ಹುಡುಕುವಾಗ ಅವರ ಮುಖದಲ್ಲಿ ಬರುವ ಕಳೆ ನನ್ನ ಪೇಬ್ಯಾಕ್ ಚೀಟಿಯಲ್ಲಿ ಎಂದೂ ಬಂದಿಲ್ಲ.

ಆದರೆ ಅವರು ಒಂದು ಕಡೆ ಎಡವುತ್ತಿದ್ದಾರೆ ಅನ್ನುವುದನ್ನು ಹೇಳಲೇಬೇಕು. ಅವರು ಪಾಯಿಂಟನ್ನು ಬಂಗಾರದ ಹಾಗೆ ಕೂಡಿಡುತ್ತಾರೆ. ನಾಲ್ಕು ಸರಪಳಿಗಳಲ್ಲಿ ಸೇರಿ ಹದಿನಾಲ್ಕು ಲಕ್ಷ ಇದೆಯಂತೆ, 'ರಿಟೈರ್ ಆದಮೇಲೆ ಓಡಾಡೋಕೆ'. ಬಂಗಾರದ ಬೆಲೆಯನ್ನು ಊರೆಲ್ಲ ಸೇರಿ ನಿಗದಿ ಮಾಡುತ್ತದೆ, ಪಾಯಿಂಟಿನ ಬೆಲೆಯನ್ನು ಅದನ್ನು ಅಚ್ಚುಹಾಕಿದವನೇ. ಹಿಂದೆ ಯಾವ ಹೋಟೆಲಿಗೆ ಎಷ್ಟು ಪಾಯಿಂಟು ಅಂತ ದರ್ಜೆವಾರು ಪಟ್ಟಿ ಇರುತ್ತಿತ್ತು. ಹಿಲ್ಟನ್ 2017ರಲ್ಲಿ ಆ ಪಟ್ಟಿ ತೆಗೆಯಿತು, ಮ್ಯಾರಿಯಟ್ 2022ರಲ್ಲಿ. ಈಗ ಸಂತೆ ದಿನದ ಟೊಮೆಟೊ ಹಾಗೆ, ಬೆಳಿಗ್ಗೆ ಒಂದು ದರ, ಸಂಜೆ ಒಂದು. ಹಯಾತ್ ಪಟ್ಟಿ ಉಳಿಸಿಕೊಂಡಿದೆ, ಆದರೆ ಹೋಟೆಲುಗಳನ್ನು ಒಂದು ದರ್ಜೆಯಿಂದ ಇನ್ನೊಂದಕ್ಕೆ ಏರಿಸುತ್ತಲೂ ಇರುತ್ತದೆ. 2016ರಲ್ಲಿ ಮ್ಯಾರಿಯಟ್ ಕೊಂಡುಕೊಂಡ ಸ್ಟಾರ್‌ವುಡ್ ಅನ್ನುವ ಹೋಟೆಲ್ ಸರಪಳಿಯ ಹೆಸರೆತ್ತಿದರೆ ಭಾವ ಇವತ್ತಿಗೂ ತೀರಿಕೊಂಡ ಚಿಕ್ಕಪ್ಪನ ಸುದ್ದಿ ಬಂದಂತೆ ನಿಟ್ಟುಸಿರು ಬಿಡುತ್ತಾರೆ. ಅಷ್ಟಾದರೂ ಕೂಡಿಡುವುದು ಬಿಟ್ಟಿಲ್ಲ. ಬ್ಯಾಂಕಿನ ಠೇವಣಿಗಾದರೆ ಬಡ್ಡಿ ಬರುತ್ತದೆ. ಇದು ಫ್ರಿಜ್ಜಿನಲ್ಲಿಟ್ಟ ಮೊಸರು, ನಾಳೆಗಿಂತ ಇವತ್ತೇ ಚೆನ್ನ. "ಈ ವರ್ಷವೇ ಅಕ್ಕನನ್ನು ಕರಕೊಂಡು ಹೋಗಿಬನ್ನಿ ಭಾವ," ಅಂದೆ. "ನೋಡೋಣ," ಅಂದರು. ಅಕ್ಕ ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿ ಒಮ್ಮೆ ತಿರುಗಿ ನೋಡಿದಳು.

ಹೋಟೆಲಿನ ಎರಡನೆಯ ಬೆಳಿಗ್ಗೆ ಇನ್ನೊಂದು ಪ್ರಸಂಗ. ನಮ್ಮನ್ನು ಕರೆದುಕೊಂಡು ಹೋಗಲು ಅಕ್ಕ–ಭಾವ ಮೇಲೆ ರೂಮಿಗೇ ಬಂದಿದ್ದರು. ದಿನಾ ರೂಮು ಒಪ್ಪ ಮಾಡುತ್ತಿದ್ದ ಹೆಂಗಸಿಗೆ ಏನಾದರೂ ಇಡಬೇಕಲ್ಲ, ಅಮೆರಿಕದಲ್ಲಿ ಅದು ರೂಢಿ. ಭಾವ ಜೇಬು ತಡಕಿದರು, ಅಕ್ಕ ಪರ್ಸು ತೆಗೆದಳು. ಇಬ್ಬರ ಹತ್ತಿರವೂ ಕಾರ್ಡುಗಳ ಕಟ್ಟು ಬಿಟ್ಟರೆ ಒಂದು ಡಾಲರಿನ ನೋಟೂ ಇಲ್ಲ. ಕೆಳಗೆ ಏಟಿಎಂ ಇದೆ, ಹೋಗಿ ಬರುತ್ತೇನೆ ಅಂತ ಭಾವ ಹೊರಟರು. ಜರ್ಮನ್ನರಿಂದ ಕಲಿತ ಒಂದೇ ಚಟ ನನಗೆ, ಜೇಬಿನಲ್ಲಿ ನೋಟಿಲ್ಲದೆ ಮನೆ ಬಿಡುವುದಿಲ್ಲ. ಹತ್ತರ ಎರಡು ನೋಟು ತೆಗೆದು ದೀಪದ ಕೆಳಗಿಟ್ಟೆ. ಹೆಂಡತಿ ಹೋಟೆಲಿನ ಕಾಗದದಲ್ಲಿ ಥ್ಯಾಂಕ್ಸ್ ಬರೆದು ನೋಟಿನ ಮೇಲೆ ಮಡಚಿಟ್ಟು, ಕೊನೆಯ ಸಲ ಪರದೆ ಸರಿಸಿ ಕಾಲುಚೀಲ ನೋಡಿಕೊಂಡು ಬಂದಳು. ಲಿಫ್ಟಿನಲ್ಲಿ ಭಾವ, "ಆ ಇಪ್ಪತ್ತು ನಾನು ನಿನಗೆ ಕೊಡಬೇಕು," ಅಂದರು. "ಪಾಯಿಂಟಲ್ಲಿ ಕೊಡಿ," ಅಂದಳು ಅಕ್ಕ.