ನೀರು ಬಂದಾವ, ಹಿಡ್ಕೋರಿ

ಬಳ್ಳಾರಿ ಮಹಾನಗರ ಪಾಲಿಕೆಯಲ್ಲಿ 39 ವಾರ್ಡುಗಳಿವೆ. ಉಳಿದ 38 ವಾರ್ಡುಗಳ ಸದಸ್ಯರು ತಮ್ಮ ಮತದಾರರಿಗೆ ಏನನ್ನು ತಿಳಿಸುತ್ತಾರೆ, ಎಷ್ಟನ್ನು ತಿಳಿಸುತ್ತಾರೆ ಎಂಬುದು ನನ್ನ ಗಮನಕ್ಕೆ ಬಂದಿಲ್ಲ. ನಮ್ಮ ವಾರ್ಡಿನ ಸದಸ್ಯೆಯವರಂತೂ ಏನನ್ನೂ ಬಚ್ಚಿಡುವವರಲ್ಲ. ನಮ್ಮ ಕಡೆ ಪಾಲಿಕೆ ಸದಸ್ಯರನ್ನು ಮೆಂಬರ್ ಎನ್ನುವುದೇ ರೂಢಿಯಾದ್ದರಿಂದಲೂ, ಓಣಿಯ ಅರ್ಧಕ್ಕರ್ಧ ಜನರಿಗೆ ಅವರು ವಯಸ್ಸಿನಲ್ಲಿ ಹಿರಿಯರಾದ್ದರಿಂದಲೂ ನಮಗೆಲ್ಲ ಅವರು ಮೆಂಬರ್ ಅಕ್ಕ. ಬೆಳಗಿನ ಜಾವ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೊದಲು ಗುಲಾಬಿ ಹೂವಿನ ಮೇಲೆ ಬರೆದ ಶುಭೋದಯ ಬರುತ್ತದೆ; ಅದರ ಬೆನ್ನಿಗೇ "ವಾರ್ಡಿನ ಸಮಸ್ತ ನಾಗರಿಕ ಬಂಧುಗಳ ಗಮನಕ್ಕೆ" ಎಂದು ಆರಂಭವಾಗುವ ಪ್ರಕಟಣೆ. ಚರಂಡಿಯ ಹೂಳು, ಸೊಳ್ಳೆಗೆ ಹೊಡೆಯುವ ಹೊಗೆ, ಪಲ್ಸ್ ಪೋಲಿಯೊ, ಏಪ್ರಿಲ್ ತಿಂಗಳಲ್ಲೇ ಆಸ್ತಿ ತೆರಿಗೆ ಕಟ್ಟಿದವರಿಗೆ ಸಿಗುವ ಶೇ 5ರ ರಿಯಾಯಿತಿ, ಕಾಣೆಯಾದ ಎಮ್ಮೆ, ಯಾವುದೂ ಅದರಿಂದ ತಪ್ಪಿಸಿಕೊಂಡಿದ್ದಿಲ್ಲ.

ಪ್ರಕಟಣೆಯ ಭಾಷೆ ಮಾತ್ರ ಅಕ್ಕನವರದಲ್ಲ, ಅವರ ಯಜಮಾನರದು. ಶಿರಸ್ತೇದಾರರಾಗಿ ನಿವೃತ್ತರಾದ ಅವರಿಗೆ "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಂಬಲ್ಲಿಂದ ಹೊರಟು "ಸೂಕ್ತ ಕ್ರಮಕ್ಕಾಗಿ" ಎಂಬಲ್ಲಿಗೆ ತಲುಪದ ಹೊರತು ವಾಕ್ಯ ಮುಗಿದಂತೆ ಅನ್ನಿಸುವುದಿಲ್ಲ. ಓದಿದವರಿಗೆ ಅರ್ಥವಾಗಿರಲಿಕ್ಕಿಲ್ಲ ಎಂಬ ಅನುಮಾನ ಅಕ್ಕನವರಿಗೂ ಇರುವುದರಿಂದ, ಅದರ ಕೆಳಗೆ ಅವರದೇ ದನಿಯಲ್ಲಿ ಒಂದು ಸಣ್ಣ ಸಂದೇಶ ಇರುತ್ತದೆ: "ನೀರು ಬಂದಾವ, ಹಿಡ್ಕೋರಿ." ನಮ್ಮ ಓಣಿಯ ಬಹುಪಾಲು ಅವಘಡಗಳು ಹುಟ್ಟಿದ್ದು ಮೇಲಿನ ಪ್ರಕಟಣೆಗೂ ಕೆಳಗಿನ ದನಿಗೂ ನಡುವೆ.

ನೀರಿನ ವ್ಯವಸ್ಥೆಯನ್ನು ಹೊರಗಿನವರಿಗೆ ಸ್ವಲ್ಪ ವಿವರಿಸಬೇಕಾಗುತ್ತದೆ. ಬಳ್ಳಾರಿ ಕುಡಿಯುವುದು ತುಂಗಭದ್ರೆಯ ನೀರನ್ನು. ಜಲಾಶಯದಿಂದ ಕಾಲುವೆಗೆ ಬಿಟ್ಟ ನೀರು ಅಲ್ಲೀಪುರ ಮತ್ತು ಮೋಕಾದ ಕೆರೆಗಳಲ್ಲಿ ತುಂಬಿಕೊಂಡು, ಶುದ್ಧೀಕರಣಗೊಂಡು, ಮೇಲ್ತೊಟ್ಟಿಗಳನ್ನು ಏರಿ, ಅಲ್ಲಿಂದ ಸರದಿಯ ಮೇಲೆ ಓಣಿಗಳಿಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಕಾಲುವೆ ಬಂದಾಗುವುದರಿಂದ ಕೆರೆಯಲ್ಲಿ ಉಳಿದದ್ದನ್ನೇ ಮುಂದಿನ ಮಳೆಗಾಲದವರೆಗೆ ಎಳೆಯಬೇಕು. ಬೇಸಿಗೆ, ಕಡುಬೇಸಿಗೆ ಎಂಬ ಎರಡೇ ಕಾಲಗಳಿರುವ ಊರೆಂದು ನಮ್ಮನ್ನು ನಾವೇ ಗೇಲಿ ಮಾಡಿಕೊಳ್ಳುವವರ ನಡುವೆ ಆ ಎಳೆತ ಹೇಗಿರುತ್ತದೆಂದು ಬೇರೆ ಹೇಳಬೇಕಿಲ್ಲ. ಹೀಗಾಗಿ ನೀರು ಯಾವಾಗ ಬರುತ್ತದೆ ಎಂಬ ಒಂದು ಸುದ್ದಿಗಾಗಿ ನಾವು ಶುಭೋದಯದ ಗುಲಾಬಿಗಳನ್ನೆಲ್ಲ ಸಹಿಸಿಕೊಳ್ಳುತ್ತೇವೆ.

ಆದರೆ ಕೊಳವೆ ನಮ್ಮ ಓಣಿಯನ್ನು ಪ್ರವೇಶಿಸುವುದು ಹನುಮಪ್ಪನ ಗುಡಿಯ ಹತ್ತಿರ. ಮೆಂಬರ್ ಅಕ್ಕನವರ ಮನೆ ಇರುವುದು ಅದರ ಕಟ್ಟಕಡೆಯ ತುದಿಯಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಂಚಿನಲ್ಲಿರುವ ಮಾನ್ವಿ, ರಾಯಚೂರು ಸೀಮೆಯ ರೈತರ ಪಾಡು ಏನೆಂಬುದನ್ನು ಪತ್ರಿಕೆಗಳಲ್ಲಿ ಓದಿದವರಿಗೆ ಈ ಮನೆಯ ನಲ್ಲಿಯ ಪಾಡು ತಾನಾಗಿಯೇ ತಿಳಿಯುತ್ತದೆ. ಗುಡಿಯ ಬಳಿಯ ಮನೆಗಳ ಡ್ರಮ್ಮು, ಹಂಡೆ, ಕೊಡ, ಮಾಳಿಗೆಯ ಮೇಲಿನ ಸಿಂಟೆಕ್ಸ್ ಎಲ್ಲ ತುಂಬಿ, ಬೈಕು ತೊಳೆದು, ಅಂಗಳಕ್ಕೂ ಒಂದಿಷ್ಟು ಚಿಮುಕಿಸಿದ ನಂತರವೇ ನೀರು ಅವರ ಮನೆಯವರೆಗೆ ನಡೆದು ಬರುತ್ತದೆ. ಅಕ್ಕನವರು ಪ್ರಾಮಾಣಿಕರು. ಕಣ್ಣಾರೆ ಕಂಡಲ್ಲದೆ ಯಾವುದನ್ನೂ ಸಾರ್ವಜನಿಕರಿಗೆ ತಿಳಿಸಬಾರದೆಂಬುದು ಅವರ ನಿಯಮ. ಆದ್ದರಿಂದ ತಮ್ಮ ನಲ್ಲಿಯಲ್ಲಿ ನೀರು ಬಿದ್ದ ಮೇಲೆಯೇ ಅವರು "ನೀರು ಬಂದಾವ" ಎನ್ನುತ್ತಾರೆ. ಆ ಹೊತ್ತಿಗೆ ಗುಡಿಯ ಹತ್ತಿರದವರು ಸ್ನಾನ ಮುಗಿಸಿ ಮಂಡಕ್ಕಿ ಒಗ್ಗರಣೆಗೆ ಕುಳಿತಿರುತ್ತಾರೆ, ನೀರು ಬಿಡುವವನು ವಾಲ್ವ್ ಮುಚ್ಚಲು ಸೈಕಲ್ ಏರಿರುತ್ತಾನೆ.

ಓಣಿಯಲ್ಲಿ ಈ ಪ್ರಕಟಣೆಯನ್ನು ನಂಬದೆ ಬದುಕುವವರೆಂದರೆ ನಾಲ್ಕನೆಯ ಮನೆಯ ಅಜ್ಜಿ ಒಬ್ಬರೇ. ಅವರು ರಾತ್ರಿ ನಲ್ಲಿಯನ್ನು ತಿರುಗಿಸಿಟ್ಟು ಅದರ ಕೆಳಗೆ ಸ್ಟೀಲ್ ತಟ್ಟೆಯೊಂದನ್ನು ಬೋರಲು ಹಾಕಿ ಮಲಗುತ್ತಾರೆ. ಕೊಳವೆಯಲ್ಲಿ ಮೊದಲು ಗಾಳಿ ಬುಸುಗುಟ್ಟಿ, ಆಮೇಲೆ ತಟ್ಟೆಯ ಮೇಲೆ ಹನಿ ಬಿದ್ದು ಅಜ್ಜಿ ಎದ್ದರೆಂದರೆ ಅಕ್ಕಪಕ್ಕದ ಮನೆಗಳಲ್ಲಿ ದೀಪ ಹತ್ತುತ್ತವೆ. ಈ ತಟ್ಟೆಯನ್ನು ಬಿಟ್ಟು ಬರವಣಿಗೆಯನ್ನು ನಂಬಿದವರು ಎದುರು ಮನೆಯ ಮೇಷ್ಟರು. ಮಗಳ ಸೀಮಂತಕ್ಕೆ ಸಿರುಗುಪ್ಪದಿಂದ ಬೀಗರು ಬರುವವರಿದ್ದರು. "ನಾಳೆ ಬೆಳಿಗ್ಗೆ 6 ಗಂಟೆಗೆ ನೀರು ಸರಬರಾಜು ಮಾಡಲಾಗುವುದು" ಎಂಬ ಪ್ರಕಟಣೆಯನ್ನು ಅವರು ಎರಡೆರಡು ಸಲ ಓದಿ, ಐದೂವರೆಗೆ ಅಲಾರಂ ಇಟ್ಟು ಮಲಗಿದರು. ನಡುರಾತ್ರಿಯ ನಂತರ ಬಂದ "ತಿದ್ದುಪಡಿ ಪ್ರಕಟಣೆ"ಯನ್ನು ಓದಲು ಯಾರೂ ಎಚ್ಚರವಿರಲಿಲ್ಲ. ನೀರು ಬಂದದ್ದು ರಾತ್ರಿ ಎರಡೂವರೆಗೆ. ತಟ್ಟೆಯ ಸದ್ದಿಗೆ ಓಣಿಗೆ ಓಣಿಯೇ ಎದ್ದು ಕೊಡಗಳ ಜಾತ್ರೆ ನೆರೆಯಿತು. ಮೇಷ್ಟರ ಮನೆಯವರು ಮಾತ್ರ, ಬೀಗರ ಮುಂದೆ ಕಣ್ಣು ಕೆಂಪಗಿರಬಾರದೆಂದು, ಕೂಲರ್ ಜೋರಾಗಿ ಹಚ್ಚಿಕೊಂಡು ಸುಖವಾಗಿ ನಿದ್ರಿಸಿದರು.

ಬೆಳಿಗ್ಗೆ ಮನೆಗೊಂದು ಕೊಡದಂತೆ ಎಲ್ಲರೂ ನೀರು ಕೊಟ್ಟದ್ದರಿಂದ ಸೀಮಂತವೇನೋ ಸಾಂಗವಾಗಿ ನಡೆಯಿತು. ತೊಂದರೆಯಾದದ್ದು ಕೊಡಗಳನ್ನು ಹಿಂದಿರುಗಿಸುವಾಗ. ನಮ್ಮ ಕಡೆ ಪಾತ್ರೆಯ ಮೇಲೆ ಹೆಸರು ಕೆತ್ತಿಸುವ ಪದ್ಧತಿ ಇದೆ. ಆದರೆ ಕೆತ್ತಿಸಿರುವುದು ಮದುವೆಯಲ್ಲಿ ಉಡುಗೊರೆ ಕೊಟ್ಟವರ ಹೆಸರೇ ಹೊರತು ಕೊಡದ ಈಗಿನ ಒಡೆಯರದಲ್ಲ. ಹೀಗಾಗಿ ಓಣಿಯಲ್ಲಿ ಎಂದೂ ವಾಸವಾಗಿರದ ಹೆಂಗಸರ ಹೆಸರಿನ ಕೊಡಗಳು ವಾರಗಟ್ಟಲೆ ಮನೆಯಿಂದ ಮನೆಗೆ ಅಲೆದಾಡಿ, ಕೊನೆಗೆ ವ್ಯಾಜ್ಯ ಮೆಂಬರ್ ಅಕ್ಕನವರ ಕಟ್ಟೆ ಹತ್ತಿತು. ಯಜಮಾನರು ಪೆನ್ನು ತೆಗೆದರು. "ಸೀಮಂತ ಕಾರ್ಯಕ್ರಮದ ಸಂದರ್ಭದಲ್ಲಿ ಅದಲುಬದಲಾದ ಕೊಡಗಳ ವಾರಸುದಾರರು ಸೂಕ್ತ ದಾಖಲೆಗಳೊಂದಿಗೆ ಹಾಜರಾಗತಕ್ಕದ್ದು" ಎಂಬ ಆ ಪ್ರಕಟಣೆ ನನ್ನ ಫೋನಿನಲ್ಲಿ ಇಂದಿಗೂ ಭದ್ರವಾಗಿದೆ. ಕೊಡಕ್ಕೆ ಯಾವ ದಾಖಲೆ ಇರುತ್ತದೆ ಎಂದು ಕೇಳಿದವರಿಗೆ ಮದುವೆಯ ಆಲ್ಬಂ ತರಲು ಸೂಚಿಸಲಾಯಿತು. ಇಬ್ಬರು ತಂದರು ಕೂಡ.

ವಿದ್ಯುತ್ತಿನ ವಿಷಯ ಬೇಗ ಮುಗಿಯುತ್ತದೆ. "ಅಕ್ಕಾರೆ, ಕರೆಂಟ್ ಹೋಗಿ ಎಲ್ಡು ತಾಸಾತು, ಚಟ್ನಿ ಹೆಂಗ ರುಬ್ಬಬೇಕು?" ಎಂದು ಯಾರೋ ಕೇಳಿದ್ದಕ್ಕೆ, ಸಂವಿಧಾನದ 74ನೇ ತಿದ್ದುಪಡಿಯು 1993ರ ಜೂನ್ 1ರಿಂದ ಜಾರಿಗೆ ಬಂದಿರುವುದಾಗಿಯೂ, 12ನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆಂದು ಪಟ್ಟಿ ಮಾಡಿದ 18 ವಿಷಯಗಳಲ್ಲಿ ಬೀದಿದೀಪ, ದೊಡ್ಡಿ, ಸ್ಮಶಾನ, ಜನನ ಮರಣ ನೋಂದಣಿ ಸೇರಿರುವುದಾಗಿಯೂ, ಮನೆಯ ವಿದ್ಯುತ್ ಸರಬರಾಜು ಸೇರಿಲ್ಲವೆಂಬುದಾಗಿಯೂ ವಿವರವಾದ ಉತ್ತರ ಬಂತು. ಅದರ ಕೆಳಗೆ ಅಕ್ಕನವರ ದನಿ: "ಬೀದಿ ದೀಪ ನಂದು, ನಿಮ್ಮ ಮನಿ ದೀಪ ನಂದಲ್ಲ. ಒಳ್ಳಾಗ ಕುಟ್ಟಿಕೋ ಯವ್ವಾ." ಅಧಿಕಾರ ವಿಂಗಡಣೆಯ ಬಗ್ಗೆ ಇದಕ್ಕಿಂತ ಸ್ಪಷ್ಟವಾದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ.

ನಾಯಿಗಳ ಪ್ರಕರಣದಲ್ಲಿ ಅವರಿಗೆ ಸ್ವಲ್ಪ ಅನ್ಯಾಯವೇ ಆಯಿತು ಎನ್ನಬೇಕು. ಓಣಿಯ ಬೀದಿನಾಯಿಗಳನ್ನು ವ್ಯಾನಿನಲ್ಲಿ ಹಿಡಿದೊಯ್ದ ದಿನ ಗುಂಪಿನಲ್ಲಿ ಅಭಿನಂದನೆಗಳ ಮಳೆ ಸುರಿಯಿತು; ಗುಡಿಯ ಮುಂದೆ ಒಬ್ಬರು ಪೇಡೆಯನ್ನೂ ಹಂಚಿದರು. ಕೆಲವೇ ದಿನಗಳಲ್ಲಿ ಅವೇ ನಾಯಿಗಳು ಕಿವಿಯ ತುದಿಯಲ್ಲೊಂದು ಗುರುತಿನೊಡನೆ, ಮತದಾರರ ಪಟ್ಟಿಯಲ್ಲಿ ಹೆಸರಿರುವವರ ಗತ್ತಿನಲ್ಲಿ, ಅದೇ ಕಟ್ಟೆಯ ಮೇಲೆ ಬಂದು ಮಲಗಿದವು. ಪೇಡೆ ತಿಂದವರೆಲ್ಲ ದಂಗಾದರು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕಾಗಿತ್ತು. ಆ ಸಾಲು ಪ್ರಕಟಣೆಯ ಆರನೆಯ ಪ್ಯಾರಾದಲ್ಲಿ ಇದ್ದೇ ಇತ್ತು. ಆರನೆಯ ಪ್ಯಾರಾದವರೆಗೆ ಓದುವ ತಾಳ್ಮೆ ಇರುವ ಏಕೈಕ ವ್ಯಕ್ತಿ ಮೇಷ್ಟರು, ಅವರು ಸೀಮಂತದ ನಂತರ ಓದುವುದನ್ನು ಬಿಟ್ಟಿದ್ದರು.

ಇನ್ನು ಗೇಟಿನ ಕಥೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ ನಮ್ಮ ಭಾಗದಲ್ಲಿ ಯಾರಿಗೂ ಅನ್ನ ರುಚಿಸಲಿಲ್ಲ. ತುಂಬಿದ ಜಲಾಶಯದ ನೀರೆಲ್ಲ ಕಣ್ಣೆದುರೇ ಹರಿದುಹೋಗುತ್ತಿತ್ತು. ಜಲಾಶಯ ನಮ್ಮ ವಾರ್ಡಿನಿಂದ 60 ಕಿಲೋಮೀಟರಿಗೂ ಆಚೆ ಇದ್ದರೂ ಪ್ರಕಟಣೆ ಹೊರಟಿತು: "ಸದರಿ ಗೇಟಿಗೂ ನಮ್ಮ ವಾರ್ಡಿಗೂ ನೇರ ಸಂಬಂಧವಿರುವುದಿಲ್ಲ, ಆದಾಗ್ಯೂ ಪರಿಸ್ಥಿತಿಯನ್ನು ಸೂಕ್ಷ್ಮವಾಗಿ ಗಮನಿಸಲಾಗುತ್ತಿದೆ." ಎಲ್ಲಿಂದ ಗಮನಿಸಲಾಗುತ್ತಿದೆ ಎಂಬುದನ್ನು ತಿಳಿಸಿರಲಿಲ್ಲ. ಅವರ ಮಾಳಿಗೆಯ ಮೇಲೆ ನಿಂತರೆ ಹೆಚ್ಚೆಂದರೆ ಗುಡ್ಡದ ಮೇಲಿನ ಕೋಟೆ ಕಾಣುತ್ತದೆ. ಅಣೆಕಟ್ಟಿನ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಗೇಟು ಇಳಿಸಿ ಒಂದು ವಾರದಲ್ಲಿ ನೀರನ್ನು ತಡೆದದ್ದು ದೊಡ್ಡ ಕೆಲಸವೇ. ಅಷ್ಟರೊಳಗೆ ನಮ್ಮ ಓಣಿಯ ಪ್ರತಿಯೊಬ್ಬರೂ, ಮಿರ್ಚಿ ಕರಿಯುವವರನ್ನೂ ಸೇರಿಸಿಕೊಂಡು, ಅಣೆಕಟ್ಟಿನ ಎಂಜಿನಿಯರುಗಳಾಗಿದ್ದರು.

ಅದೇ ತಿಂಗಳು ಗುಡಿಯ ಬಳಿಯ ವಾಲ್ವ್ ಸೋರತೊಡಗಿ ಹುಡುಗರು ಅದಕ್ಕೆ 19ನೇ ಗೇಟು ಎಂದು ಹೆಸರಿಟ್ಟರು. ಸೈಕಲ್ ಟ್ಯೂಬು ಮತ್ತು ಗೋಣಿತಟ್ಟು ಸುತ್ತಿ ಅದನ್ನು ತಡೆದ ಪ್ಲಂಬರ್ ಹುಡುಗನನ್ನು ಈಗಲೂ ಎಲ್ಲರೂ ನಾಯ್ಡು ಅವರೇ ಎಂದು ಮರ್ಯಾದೆಯಿಂದ ಕರೆಯುತ್ತಾರೆ. ಹೆಸರು ಎಷ್ಟು ಬೇರೂರಿತೆಂದರೆ ಒಂದು ಬೆಳಿಗ್ಗೆ ಅಕ್ಕನವರೂ "19ನೇ ಗೇಟು ಮತ್ತ ಸೋರಾಕತ್ತೈತಿ" ಎಂದುಬಿಟ್ಟರು. ಹೊಸದಾಗಿ ಬಾಡಿಗೆಗೆ ಬಂದಿದ್ದವರೊಬ್ಬರು ಅದನ್ನು ಕೇಳಿ, ಕಂಪ್ಲಿಯಲ್ಲಿ ಹೊಳೆದಂಡೆಗೆ ಹೊಲವಿರುವ ತಮ್ಮ ಭಾವನಿಗೆ ಫೋನು ಮಾಡಿದರು. ಭಾವ ಮೂರು ಆಳುಗಳನ್ನು ಹಚ್ಚಿ ಪಂಪ್‌ಸೆಟ್ಟನ್ನು ಬಿಚ್ಚಿಸಿ, ಪೈಪುಗಳ ಸಮೇತ ದಿಬ್ಬಕ್ಕೆ ಸಾಗಿಸಿದ. ಆಳುಗಳ ಕೂಲಿಯನ್ನು ಯಾರು ಕೊಡಬೇಕೆಂಬ ಪ್ರಶ್ನೆಗೆ 12ನೇ ಅನುಸೂಚಿಯಲ್ಲಿಯೂ ಉತ್ತರ ಸಿಕ್ಕಿಲ್ಲ.

ನನ್ನ ಪಾಲಿಗೆ ಬಂದದ್ದು ಹೂಳಿನ ಫೋಟೊ. ಚರಂಡಿಯಿಂದ ಎತ್ತಿದ ಹೂಳನ್ನು ಒಣಗಲೆಂದು ದಂಡೆಯ ಮೇಲೆಯೇ ಬಿಡುವುದು ಎಲ್ಲ ಊರಿನ ವಾಡಿಕೆ; ಒಣಗುವ ಮೊದಲೇ ಮಳೆ ಬಂದರೆ ಅದು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ನಮ್ಮ ಗೇಟಿಗೆ ಅಡ್ಡವಾಗಿ ಬಿದ್ದ ರಾಶಿಯನ್ನು ದಾಟುವುದು ಹೇಗೆಂದು ನಾನು ಬನಿಯನ್ನು, ಲುಂಗಿಯಲ್ಲಿ, ಟವೆಲಿನಿಂದ ಮೂಗು ಬಾಯಿ ಮುಚ್ಚಿಕೊಂಡು ಯೋಚಿಸುತ್ತ ನಿಂತಾಗ ಯಾರೋ ಫೋಟೊ ತೆಗೆದರು. ಸಂಜೆಯ ಪ್ರಕಟಣೆಯಲ್ಲಿ ಅದರ ಕೆಳಗೆ ಹೀಗಿತ್ತು: "ಹೂಳೆತ್ತುವ ಕಾಮಗಾರಿಯನ್ನು ವೀಕ್ಷಿಸಿ ಹರ್ಷ ವ್ಯಕ್ತಪಡಿಸಿದ ಹಿರಿಯ ನಾಗರಿಕರು." ನನಗಿನ್ನೂ ಐವತ್ತೆರಡು. ಹರ್ಷಕ್ಕಿಂತಲೂ ಹಿರಿಯ ಎಂಬ ಪದ ನನ್ನನ್ನು ಹೆಚ್ಚು ಬಾಧಿಸಿತು. ಸಂಬಂಧಿಕರು ಫೋನು ಮಾಡಿ, ಬಾಯಿ ಮುಚ್ಚಿಕೊಂಡಿದ್ದರೂ ಹರ್ಷ ಕಣ್ಣಿನಲ್ಲೇ ಕಾಣುತ್ತದೆ ಎಂದರು.

ಈಚೆಗೆ ಗುಡಿಯ ಪಕ್ಕದ ಮೊದಲ ಮನೆ ಖಾಲಿಯಾಗಿ, "ಬಾಡಿಗೆಗೆ ಇದೆ" ಎಂಬ ಫಲಕ ಬಿದ್ದಾಗ ಓಣಿಗೆ ಒಂದು ಉಪಾಯ ಹೊಳೆಯಿತು. ಅಕ್ಕನವರು ಆ ಮನೆಗೆ ಬಂದುಬಿಟ್ಟರೆ ನೀರು ಮೊದಲು ಅವರ ನಲ್ಲಿಗೇ ಬೀಳುತ್ತದೆ, ಸುದ್ದಿ ಎಲ್ಲರಿಗೂ ಹೊತ್ತಿಗೆ ಸರಿಯಾಗಿ ಸಿಗುತ್ತದೆ. ಅಜ್ಜಿಯ ಮುಂದಾಳತ್ವದಲ್ಲಿ ನಿಯೋಗ ಹೋಯಿತು. ಸ್ವಂತ ಮನೆ ಬಿಟ್ಟು ಬಾಡಿಗೆ ಮನೆಗೆ ಬರಬೇಕೆಂಬ ಬೇಡಿಕೆಯನ್ನು ಯಜಮಾನರು ಗಂಭೀರವಾಗಿ ಬರೆದುಕೊಂಡು "ಪರಿಶೀಲಿಸಲಾಗುವುದು" ಎಂದರು. ಅಕ್ಕನವರು ಚಹಾ ಕೊಡುತ್ತ ಕೇಳಿದ್ದು ಒಂದೇ ಮಾತು: "ನಾನು ಕಡೀ ಮನ್ಯಾಗ ಇರೋದಕ್ಕ ಕಡೀ ಮನಿ ಮಟ ನೀರು ಬರ್ತಾವ. ನಾನು ಮೊದ್ಲ ಮನಿಗೆ ಬಂದ್ರ, ವಾಲ್ವ್ ಯಾವಾಗ ಮುಚ್ತಾನ ಗೊತ್ತನು ನಿಮಗ?"

ನಿಯೋಗದಲ್ಲಿದ್ದ ಕೊನೆಯ ಸಾಲಿನ ಮನೆಗಳವರು ಅಲ್ಲಿಯೇ ಎದ್ದು ಅಕ್ಕನವರ ಪಕ್ಕಕ್ಕೆ ಹೋಗಿ ಕುಳಿತರು. ಅಜ್ಜಿ ಚಹಾದ ಬಟ್ಟಲನ್ನು ಕೆಳಗಿಟ್ಟು, ಸಾಲಿನಲ್ಲಿ ತಮ್ಮ ಮನೆ ಎಷ್ಟನೆಯದೆಂದು ಬೆರಳು ಮಡಚಿ ಲೆಕ್ಕ ಹಾಕತೊಡಗಿದರು. ಮೆಂಬರ್ ಬರುತ್ತಾರೆಂಬ ಸುದ್ದಿ ಕೇಳಿ ಸಾವಿರ ರೂಪಾಯಿ ಏರಿಸಿದ್ದ ಬಾಡಿಗೆಯನ್ನು ಮನೆಯ ಮಾಲೀಕರು ಮಾತ್ರ ಇನ್ನೂ ಇಳಿಸಿಲ್ಲ.