ಗೋಖಲೆಯವರ ಮಸೂದೆಗೆ ಬಿದ್ದದ್ದು ಹದಿಮೂರು ಮತ

ಬ್ರಿಟಿಷರು ಶಾಸನ ಪರಿಷತ್ತುಗಳನ್ನು ವಿಸ್ತರಿಸಲು ತಂದ 1909ರ ಮಾರ್ಲೆ-ಮಿಂಟೋ ಸುಧಾರಣೆ ಎಂದರೆ ನಮ್ಮ ಪಠ್ಯಪುಸ್ತಕಗಳಿಗೆ ಒಂದೇ ಉತ್ತರ: ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರ. ಅಷ್ಟು ಬರೆದರೆ ಅಂಕ ಬರುತ್ತದೆ, ಪಾಠ ಮುಗಿಯುತ್ತದೆ. ಆದರೆ ಆ ಸುಧಾರಣೆಯ ಬಂಡವಾಳ ಬಯಲಾದದ್ದು ಗೋಪಾಲಕೃಷ್ಣ ಗೋಖಲೆಯವರ ಪ್ರಾಥಮಿಕ ಶಿಕ್ಷಣ ಮಸೂದೆಯಲ್ಲಿ. ಅದನ್ನು ಯಾರೂ ಹೇಳಿಕೊಡುವುದಿಲ್ಲ.

ಹೊಸ ಕಾಯ್ದೆ ಶಾಸನ ಪರಿಷತ್ತಿನ ಸದಸ್ಯರಿಗೆ ನಿರ್ಣಯ ಮಂಡಿಸುವ, ಉಪಪ್ರಶ್ನೆ ಕೇಳುವ ಹಕ್ಕು ಕೊಟ್ಟಿತ್ತು. ಆ ಪರಿಷತ್ತಿನ ಸದಸ್ಯರಾಗಿದ್ದ ಗೋಖಲೆ ತಡಮಾಡಲಿಲ್ಲ. 1910ರ ಮಾರ್ಚ್‌ನಲ್ಲೇ ಉಚಿತ, ಕಡ್ಡಾಯ ಶಿಕ್ಷಣದ ನಿರ್ಣಯ ತಂದರು. ಪರಿಶೀಲಿಸುತ್ತೇವೆ ಎಂದು ಸರ್ಕಾರ ಭರವಸೆ ಕೊಟ್ಟಾಗ ಹಿಂತೆಗೆದುಕೊಂಡರು. (ಸರ್ಕಾರಗಳ ಈ ಪರಿಶೀಲನೆ ಎಷ್ಟು ಹಳೆಯ ವಿದ್ಯೆ ನೋಡಿ!) ಮರುವರ್ಷ ಮಾರ್ಚ್ 16ರಂದು ಮಸೂದೆಯನ್ನೇ ತಂದರು.

ಅದು ಎಷ್ಟು ಸೌಮ್ಯವಾಗಿತ್ತೆಂದರೆ ಇಂದು ಓದಿದರೆ ಸಿಟ್ಟೇ ಬರುತ್ತದೆ. ದೇಶಕ್ಕೆಲ್ಲ ಕಡ್ಡಾಯವಲ್ಲ. ಈಗಾಗಲೇ ಸಾಕಷ್ಟು ಮಕ್ಕಳು ಶಾಲೆಗೆ ಹೋಗುತ್ತಿರುವ ಕಡೆ ಮಾತ್ರ, ಅದೂ ಸ್ಥಳೀಯ ಸಂಸ್ಥೆ ಬಯಸಿ, ಸರ್ಕಾರ ಒಪ್ಪಿದರೆ ಮಾತ್ರ, ಆರರಿಂದ ಹತ್ತು ವರ್ಷದ ಹುಡುಗರಿಗೆ ಕಡ್ಡಾಯ. ಹುಡುಗಿಯರ ಸರದಿ ಆಮೇಲೆ. ತಿಂಗಳಿಗೆ ಹತ್ತು ರೂಪಾಯಿಗಿಂತ ಕಡಿಮೆ ಆದಾಯದವರ ಮಕ್ಕಳಿಗೆ ಶುಲ್ಕವಿಲ್ಲ. ವೆಚ್ಚದಲ್ಲಿ ಮೂರನೆಯ ಎರಡು ಪಾಲು ಸರ್ಕಾರದ್ದು.

1912ರ ಮಾರ್ಚ್ 19ರಂದು ಅದು ಬಿದ್ದುಹೋಯಿತು. ವಿರುದ್ಧ 38, ಪರ 13. ದಿನ ಮುಗಿಯುವುದರೊಳಗೆ ಮಸೂದೆ ತಿರಸ್ಕೃತವಾಗುತ್ತದೆಂದು ಗೋಖಲೆಯವರಿಗೆ ಗೊತ್ತಿತ್ತು. ಸಭೆಯಲ್ಲೇ ಹಾಗೆಂದು ಹೇಳಿದ್ದರು. ತಮ್ಮ ಪೀಳಿಗೆ ಸೋಲುಗಳ ಮೂಲಕವೇ ದೇಶಸೇವೆ ಮಾಡಬೇಕಾಗಿದೆ ಎಂದೂ ಹೇಳಿದರು.

ಸೋಲು ಕಟ್ಟಿಟ್ಟ ಬುತ್ತಿಯಾಗಿತ್ತು. ಕೇಂದ್ರ ಪರಿಷತ್ತಿನಲ್ಲಿ ವೈಸ್‌ರಾಯ್‌ ಕಾರ್ಯಾಂಗದವರನ್ನು ಬಿಟ್ಟು ಇದ್ದ 60 ಹೆಚ್ಚುವರಿ ಸದಸ್ಯರಲ್ಲಿ ಚುನಾಯಿತರು 27 ಮಾತ್ರ, ಒಟ್ಟು ಪರಿಷತ್ತಿನಲ್ಲಿ ಬಹುಮತ ಅಧಿಕಾರಿಗಳದ್ದು. ಈ ಸುಧಾರಣೆ ಭಾರತದಲ್ಲಿ ಸಂಸದೀಯ ಪದ್ಧತಿಗೆ ದಾರಿಯಾಗುವುದಾದರೆ ತನಗೆ ಅದರ ಸಹವಾಸವೇ ಬೇಡ ಎಂದು ಬ್ರಿಟನ್ನಿನ ಭಾರತ ಸಚಿವ ಮಾರ್ಲೆ 1908ರಲ್ಲೇ ಅಲ್ಲಿನ ಸಂಸತ್ತಿನ ಲಾರ್ಡ್ಸ್ ಸಭೆಯಲ್ಲಿ ಹೇಳಿಯಾಗಿತ್ತು. ಮುಚ್ಚುಮರೆ ಇರಲಿಲ್ಲ.

ಬ್ರಿಟಿಷರನ್ನು ಬೈದು ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಲೆಕ್ಕ ಇನ್ನೊಂದು ಕಡೆ ಚುಚ್ಚುತ್ತದೆ. ಚುನಾಯಿತರೇ 27 ಇದ್ದರಲ್ಲ, ಪರವಾಗಿ ಬಿದ್ದದ್ದು 13 ಏಕೆ? ಮಾಳವೀಯ, ಜಿನ್ನಾ ಗೋಖಲೆಯವರ ಜೊತೆಗಿದ್ದರು. ಉಳಿದ ಎಷ್ಟೋ ಮಂದಿ ಇರಲಿಲ್ಲ. ಈ ಚುನಾಯಿತರನ್ನು ಆರಿಸಿದವರು ಯಾರು ಎಂದು ನೋಡಿದರೆ ಅಚ್ಚರಿ ಉಳಿಯುವುದಿಲ್ಲ: ಜಮೀನ್ದಾರರು, ವಾಣಿಜ್ಯ ಮಂಡಳಿಗಳು, ಪ್ರಾಂತೀಯ ಪರಿಷತ್ತುಗಳ ಸದಸ್ಯರು. ದನ ಕಾಯುವ ಹುಡುಗನ ತಂದೆಗೆ ಮತವಿರಲಿಲ್ಲ. ಆ ಹುಡುಗ ಶಾಲೆಗೆ ಹೋದರೆ ನಷ್ಟವಾಗುವ ಧಣಿಗೆ ಮತವೂ ಇತ್ತು, ಪರಿಷತ್ತಿನಲ್ಲಿ ಕುರ್ಚಿಯೂ ಇತ್ತು. ಅರೆಬರೆ ಸುಧಾರಣೆಯ ನಿಜವಾದ ಕೆಡುಕು ಇದೇ ಎಂದು ನನಗನ್ನಿಸುತ್ತದೆ. ಅದು ಅಧಿಕಾರವನ್ನು ತನ್ನ ಬಳಿಯೇ ಇಟ್ಟುಕೊಂಡದ್ದಷ್ಟೇ ಅಲ್ಲ, ಹಂಚಿದ ಚೂರನ್ನೂ ಉಳ್ಳವರಿಗೇ ಹಂಚಿತು.

"ಎಲ್ಲಿಂದಲಾದರೂ ಶುರುವಾಗಬೇಕಲ್ಲ, ಪ್ರಜಾಪ್ರಭುತ್ವದ ಅಭ್ಯಾಸ ಆ ಪರಿಷತ್ತುಗಳಿಂದಲೇ ಬಂತು" ಎನ್ನುವವರಿದ್ದಾರೆ. ಅರ್ಧ ಒಪ್ಪುತ್ತೇನೆ. ಮಸೂದೆ ಸತ್ತರೂ ಕಡ್ಡಾಯ ಶಿಕ್ಷಣದ ಬೇಡಿಕೆ ಸಭಾ ನಡಾವಳಿಯಲ್ಲಿ ಉಳಿಯಿತು. ಆದರೆ ಹಣವಿಲ್ಲ, ಜನ ಸಿದ್ಧರಿಲ್ಲ ಎಂಬ ಮಸೂದೆ ವಿರೋಧಿಗಳ ನೆಪಗಳನ್ನು ಒಪ್ಪಲಾರೆ. ಸಯಾಜಿರಾವ್ ಗಾಯಕವಾಡರ ಬರೋಡಾ ಸಂಸ್ಥಾನದಲ್ಲಿ 1906ರಿಂದಲೇ ಕಡ್ಡಾಯ ಶಿಕ್ಷಣ ನಡೆಯುತ್ತಿತ್ತು. ಮಸೂದೆ ಬಿದ್ದ ಮರುವರ್ಷ, ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ, ಮೈಸೂರು ತನ್ನದೇ ಪ್ರಾಥಮಿಕ ಶಿಕ್ಷಣ ಕಾನೂನು ಮಾಡಿತು. ಮೈಸೂರೂ ಪ್ರಜಾಪ್ರಭುತ್ವವೇನಲ್ಲ, ದಿವಾನರು ಉತ್ತರ ಹೇಳಬೇಕಾಗಿದ್ದುದು ಮಹಾರಾಜರಿಗೆ. ಆದರೂ ಆಯಿತು. ಗಡಿಯಾಚೆ ಮುಂಬಯಿ ಪ್ರಾಂತ್ಯದಲ್ಲಿದ್ದ ಧಾರವಾಡ, ಬೆಳಗಾವಿಗಳು ವಿಠ್ಠಲಭಾಯಿ ಪಟೇಲರ 1918ರ ಕಾಯ್ದೆಯವರೆಗೆ ಕಾಯಬೇಕಾಯಿತು. ಅದು ಕೂಡ ಪುರಸಭೆಗಳಿರುವ ಊರುಗಳಿಗೆ ಮಾತ್ರ. ಹಳ್ಳಿಗಳು ಅದರ ಲೆಕ್ಕದಲ್ಲೇ ಇರಲಿಲ್ಲ.